ಐದೂಮುಕ್ಕಾಲರ ರಿಂಗು

ಗುಬ್ಬಿ ಎರಡು ದಿನದಿಂದ ಲ್ಯಾಬ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು ಮಾಡುತ್ತಿದ್ದಳು. ಮನೆ ಕಟ್ಟಲು ಜಾಗ ಹುಡುಕುವವರೂ ಇಷ್ಟು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಅವಳು ಹುಡುಕುತ್ತಿದ್ದದ್ದು ಒಂದು ಮೊಬೈಲ್ ಪ್ಲ್ಯಾನ್, ಅಷ್ಟೇ.

ಕಾಲೇಜು ಸೇರಿ ನಾಲ್ಕು ತಿಂಗಳಾಗಿತ್ತು. ಪಾಠ ಅರ್ಧ ತರಗತಿಯಲ್ಲಿ ನಡೆದರೆ ಇನ್ನರ್ಧ ಫೋನಿನಲ್ಲಿ ನಡೆಯುತ್ತಿತ್ತು. ಪ್ರಯೋಗದ ವಿಡಿಯೊ ಫೋನಿಗೆ, ಟಿಪ್ಪಣಿ ಫೋನಿಗೆ, ನಾಳೆ ತರಗತಿ ಇಲ್ಲ ಎಂಬ ಸಿಹಿಸುದ್ದಿಯೂ ಫೋನಿಗೆ. ಗುಬ್ಬಿಯ ಪ್ಲ್ಯಾನಿನಲ್ಲಿ ಮಾತಾಡಲು ಬೇಕಾದಷ್ಟಿತ್ತು. ಡೇಟಾ ಮಾತ್ರ ಕಣ್ಣಿಗೆ ಬಿಡುವ ಔಷಧಿಯ ಹಾಗೆ ಎರಡು ಹನಿ. ರೂಮ್‌ಮೇಟಿನ ಹಾಟ್‌ಸ್ಪಾಟಿಗೆ ಕೈಯೊಡ್ಡಿ ಒಡ್ಡಿ ಅವಳಿಗೆ ನಾಚಿಕೆಯಾಗಿತ್ತು. ರೂಮ್‌ಮೇಟ್ ಒಳ್ಳೆಯ ಹುಡುಗಿ, ಕೇಳಿದ್ದಕ್ಕೆ ಇಲ್ಲ ಎಂದವಳಲ್ಲ. ಆದರೆ ಬಾಯಿಗೆ ಬೀಗವಿಲ್ಲ. ಎದ್ದಾಗಿನಿಂದ ಮಲಗುವ ತನಕ ಮಾತು, ನಡುನಡುವೆ ಮೇಷ್ಟ್ರುಗಳ ದನಿ, ವಾರ್ಡನ್ ದನಿ ಅನುಕರಿಸಿ ಎಲ್ಲರನ್ನೂ ನಗಿಸುವುದು. ಹಾಗಾಗಿ ಹಾಸ್ಟೆಲಿಗೆಲ್ಲ ಅವಳು ರೇಡಿಯೋ.

"ಯಾವ್ದಾದ್ರೂ ಒಂದು ತಗೊಂಡು ಮುಗಿಸೇ ಮಾರಾಯ್ತಿ," ಎಂದಳು ರೇಡಿಯೋ. "ಎಲ್ಲಾ ಕಂಪನಿನೂ ನಮ್ಮನ್ನ ಸುಲಿಯೋದೇ. ಯಾರು ನಗ್ತಾ ಸುಲೀತಾರೋ ಅವ್ರ ಹತ್ರ ಹೋಗು."

"ನಿಂಗೇನು ಹೋಗುತ್ತೆ ಹೇಳೋಕೆ. ನಂಗೆ ಐದೂಮುಕ್ಕಾಲರ ರಿಂಗು ತಪ್ಪಬಾರ್ದು."

ಆ ರಿಂಗಿನ ವಿಷಯ ರೇಡಿಯೋಗೂ ಗೊತ್ತಿತ್ತು. ಗುಬ್ಬಿಯ ಅಪ್ಪ ಕ್ರೇನ್ ಆಪರೇಟರ್. ದೊಡ್ಡ ಕಟ್ಟಡ ಏಳುವ ಕಡೆ ಆಕಾಶದಲ್ಲಿ ಕೈಚಾಚಿ ನಿಂತಿರುತ್ತದಲ್ಲ, ಆ ಟವರ್ ಕ್ರೇನು. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಕೆಲಸ ಮುಗಿದ ಮೇಲೆಯೇ. ಫೋನನ್ನು ಮೇಲಕ್ಕೆ ಒಯ್ಯುವಂತಿಲ್ಲ, ಕೆಳಗೆ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ಇಳಿದ ಕೂಡಲೇ ಅವನು ಮಾಡುವ ಮೊದಲ ಕೆಲಸ ಮನೆಗೆ ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು. ಒಂದು ರಿಂಗ್ ಅಂದರೆ 'ಇಳಿದೆ' ಎಂದರ್ಥ. ಯಾರೂ ಎತ್ತಬಾರದು, ಎತ್ತಿ ಮಾತಾಡುವಂಥದ್ದು ಅದರಲ್ಲೇನೂ ಇಲ್ಲ. ಮೊದಲು ಆ ರಿಂಗ್ ಅಮ್ಮನಿಗೆ ಬರುತ್ತಿತ್ತು. ಗುಬ್ಬಿ ಏಳನೇ ತರಗತಿಯಲ್ಲಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಅವಳ ಫೋನೂ ನಂಬರೂ ರಿಂಗೂ ಮಗಳ ಪಾಲಿಗೆ ಬಂದವು. ಅಂದಿನಿಂದ ರಿಂಗ್ ಬರುವ ತನಕ ಗುಬ್ಬಿ ಒಂದು ತುತ್ತು ಬಾಯಿಗಿಟ್ಟವಳಲ್ಲ. 'ಗುಬ್ಬಿ' ಎಂಬ ಹೆಸರು ಕೂಡ ಕ್ರೇನಿನ ಕೊಡುಗೆಯೇ. ಅಮ್ಮ ಅವಳನ್ನು ಎತ್ತಿಕೊಂಡು ಸೈಟಿನ ಬೇಲಿಯಾಚೆ ನಿಂತಾಗ, ಮೇಲಿನಿಂದ ನೋಡಿದ ಅಪ್ಪನಿಗೆ ಮಗು ಗುಬ್ಬಿಯಷ್ಟೇ ಕಂಡಿತಂತೆ.

ಮೊದಲೆಲ್ಲ ರಿಂಗಿಗೆ ಇಂಥದೇ ಹೊತ್ತು ಎಂದಿರಲಿಲ್ಲ. ಒಮ್ಮೆ ಐದಕ್ಕೆ, ಕಾಂಕ್ರೀಟ್ ಹಾಕುವ ದಿನ ಎಂಟಕ್ಕೆ. ಈಗ ಒಂದೂವರೆ ತಿಂಗಳಿಂದ ಐದೂಮುಕ್ಕಾಲೆಂದರೆ ಐದೂಮುಕ್ಕಾಲು, ಗಡಿಯಾರ ಸರಿಮಾಡಿಕೊಳ್ಳಬಹುದು. ಅಪ್ಪ ಕೊನೆಗೂ ತನ್ನ ಮಾತು ಕೇಳಿ ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದಾನೆಂದು ಗುಬ್ಬಿಗೆ ಒಳಗೊಳಗೇ ಹೆಮ್ಮೆ.

ಭಾನುವಾರ ಅಪ್ಪನೇ ಫೋನ್ ಮಾಡಿದ್ದ. ಭಾನುವಾರ ಮಾತ್ರ ಎತ್ತಿ ಮಾತಾಡುವ ಪದ್ಧತಿ.

"ದೊಡ್ಡ ಪ್ಲ್ಯಾನ್ ತಗೊಂಡ್ರೆ ಈಗ ಕೊಡೋದರ ಎರಡರಷ್ಟಾಗುತ್ತೆ ಅಪ್ಪ."

"ಆಗ್ಲಿ ಬಿಡು. ಓದೋಕೆ ತಾನೆ. ಬೇಕಾದ್ದು ತಗೋ."

"ಮೇಲೆ ಗಾಳಿ ಹೇಗಿದೆ?"

"ಗಾಳಿನಾ? ಈಗೇನೂ ಇಲ್ವೇ ಇಲ್ಲ. ಪರೀಕ್ಷೆ ಯಾವಾಗ?"

"ಮುಂದಿನ ವಾರ."

"ಹೂಂ. ಅದನ್ನ ನೋಡ್ಕೋ."

ಅಂತೂ ಪಟ್ಟಿ ಹಿಡಿದು ಗುಬ್ಬಿ ಅಂಗಡಿಗೆ ಹೊರಟಳು, ಜೊತೆಗೆ ರೇಡಿಯೋ. ಅಂಗಡಿ ಓಣಿಯಷ್ಟು ಅಗಲ. ಗೋಡೆಯ ತುಂಬ ಫೋನಿನ ಕವರುಗಳು ನೇತಾಡುತ್ತಿದ್ದವು, ಗಾಜಿನ ಕೌಂಟರಿನ ಹಿಂದೆ ಅಂಗಡಿಯವನು ಒಂದು ಫೋನನ್ನು ಕಿವಿ ಹೆಗಲಿನ ನಡುವೆ ಸಿಕ್ಕಿಸಿಕೊಂಡು ಇನ್ನೊಂದರ ಗಾಜು ಒರೆಸುತ್ತಿದ್ದ. ಗುಬ್ಬಿಯ ಕೈಯಲ್ಲಿದ್ದ ನೋಟ್‌ಬುಕ್ ನೋಡಿಯೇ ಅವನಿಗೆ ಇದು ಬೇಗ ಮುಗಿಯುವ ಗಿರಾಕಿಯಲ್ಲ ಎಂದು ಗೊತ್ತಾಗಿರಬೇಕು. ಮಾತಾಡುತ್ತಿದ್ದ ಫೋನನ್ನು ಕೆಳಗಿಟ್ಟ.

"ಈ ಕಂಪನಿಗೆ ಬಂದ್ರೆ ನಂಬರ್ ಬದಲಾಗಲ್ಲ ತಾನೆ?" ಎಂದು ಗುಬ್ಬಿ ಶುರು ಮಾಡಿದಳು.

"ಇಲ್ಲಮ್ಮ. ನಂಬರ್ ಅದೇ, ಕಂಪನಿ ಬೇರೆ. ನಾಳೆ ಮಧ್ಯಾಹ್ನಕ್ಕೆ ಚಾಲೂ ಆಗುತ್ತೆ."

"ಇದು ನಮ್ಮಮ್ಮನ ನಂಬರು."

"ಯಾರದಾದ್ರೂ ಅದೇ ಇರುತ್ತೆ."

"ಹಾಸ್ಟೆಲಲ್ಲಿ ಸಿಗ್ನಲ್ ಬರುತ್ತಾ?"

"ಬಚ್ಚಲಲ್ಲೂ ಬರುತ್ತೆ."

"ಮಿಸ್ಡ್ ಕಾಲ್ ಬರುತ್ತಾ?"

ಅಂಗಡಿಯವನು ಒರೆಸುವ ಬಟ್ಟೆ ಕೆಳಗಿಟ್ಟು ಅವಳ ಮುಖ ನೋಡಿದ. "ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲ ನೋಡಮ್ಮ. ಕಾಲ್ ಬಂದ್ರೆ ಮಿಸ್ಡ್ ಕಾಲೂ ಬರುತ್ತೆ. ಅದಕ್ಕೇನು ಬೇರೆ ತಂತಿ ಎಳೀಬೇಕಾ?"

ರೇಡಿಯೋ ಕಿಸಕ್ಕೆಂದಳು. ಗುಬ್ಬಿ ನಗಲಿಲ್ಲ. ಚಿಕ್ಕ ಪ್ಲ್ಯಾನು, ನಡುವಿನದು, ದೊಡ್ಡದು ಎಂದು ಅವನು ಮೂರು ಹಾಳೆ ಹರಡಿದ. ಚಿಕ್ಕದರಲ್ಲಿ ಹಳೆಯ ಕಥೆಯೇ. ದೊಡ್ಡದರಲ್ಲಿ ದಿನವಿಡೀ ವಿಡಿಯೊ ನೋಡುವಷ್ಟು ಡೇಟಾ, ಮೇಲೆ ಒಂದು ವಾಯ್ಸ್ ಮೇಲ್ ಪುಕ್ಕಟೆ. "ಸಿಗ್ನಲ್ ಇಲ್ದಾಗ, ಇಲ್ಲಾ ಲೈನ್ ಬ್ಯುಸಿ ಇದ್ದಾಗ ಯಾರಾದ್ರೂ ಫೋನ್ ಮಾಡಿದ್ರೆ ಅದೇ ಎತ್ಕೊಳ್ಳುತ್ತೆ, ಅವ್ರು ಹೇಳಿದ್ದನ್ನ ರೆಕಾರ್ಡ್ ಮಾಡಿಡುತ್ತೆ," ಎಂದು ಅವನು ಹೇಳುವಾಗ ಗುಬ್ಬಿ ಹಾಳೆಯ ಕೆಳಗಿನ ಇರುವೆಸಾಲಿನಂಥ ಅಕ್ಷರ ಓದುತ್ತಿದ್ದಳು. ಎಲ್ಲಿ ಮೋಸವಿದೆಯೋ ಎಂಬ ಅನುಮಾನದಲ್ಲಿ ಅವಳು ಎದುರಿಗೆ ಆಡಿದ ಮಾತನ್ನೇ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವಳು ರೇಡಿಯೋ.

"ಏಳು ದಿನದೊಳಗೆ ಬೇಡ ಅನ್ನಿಸಿದ್ರೆ ಚಿಕ್ಕದಕ್ಕೆ ಬದಲಾಯಿಸ್ಕೋಬಹುದು," ಎಂದ ಅಂಗಡಿಯವನು. ಆ ಒಂದು ಮಾತು ಗುಬ್ಬಿಗೆ ಧೈರ್ಯ ಕೊಟ್ಟಿತು. ನಾಲ್ಕು ಕಡೆ ಸಹಿ ಹಾಕಿದಳು.

ಮರುದಿನ ಮಧ್ಯಾಹ್ನ ಹಳೆಯ ಸಿಮ್ ಸತ್ತಿತು. ಗುಬ್ಬಿ ಹೊಸದನ್ನು ಹಾಕಿ ಹಾಸ್ಟೆಲಿನ ಮುಂದಿನ ಅಂಗಳದಲ್ಲಿ ಅರ್ಧ ಗಂಟೆ ಅದರ ಮುಖ ನೋಡುತ್ತ ಕೂತಳು. ಫೋನಿಗೆ ಜೀವ ಬಂತು. ಕೂಡಲೇ ಸ್ವಾಗತದ ಮೆಸೇಜು, ಆಫರಿನ ಮೆಸೇಜು, ಹಾಡು ಹಾಕಿಸಿಕೊಳ್ಳಿ ಎಂಬ ಮೆಸೇಜು, ಸಾಲಾಗಿ. ಗುಬ್ಬಿಗೆ ಲ್ಯಾಬಿಗೆ ಹೊತ್ತಾಗಿತ್ತು. ಲ್ಯಾಬಿಗೆ ಫೋನ್ ಒಯ್ಯುವಂತಿಲ್ಲವಾದ್ದರಿಂದ ರೇಡಿಯೋ ಕೈಗಿಟ್ಟು ಓಡಿದಳು. ತಿರುಗಿ ಬಂದಾಗ ನಾಲ್ಕೂವರೆ. "ಎಲ್ಲಾ ಸೆಟ್ ಮಾಡಿಟ್ಟಿದ್ದೀನಿ, ನೀನು ಏನೂ ಮುಟ್ಬೇಡ," ಎಂದು ಬೀಗುತ್ತ ಫೋನ್ ಕೊಟ್ಟು ರೇಡಿಯೋ ಬಟ್ಟೆ ಒಗೆಯಲು ಹೋದಳು.

ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು. ಅವರ ಕೋಣೆ ಹಾಸ್ಟೆಲಿನ ಹಿಂಭಾಗದಲ್ಲಿ, ನೀರಿನ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಇತ್ತು. ಕಿಟಕಿಯ ಚಿಲಕ ಸಡಿಲ. ಬಾಗಿಲು ಪಟಪಟ ಬಡಿದುಕೊಳ್ಳತೊಡಗಿತು. ಗುಬ್ಬಿ ಒಂದು ಪುಸ್ತಕ ಸಿಕ್ಕಿಸಿ ಅದನ್ನು ಸುಮ್ಮನಾಗಿಸಿದಳು. ಗಾಳಿ ಜೋರಾದರೆ ಕ್ರೇನ್ ನಿಲ್ಲಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೆ ಕ್ರೇನ್ ನಿಂತರೂ ಮನುಷ್ಯ ಅದೇ ಗಾಳಿಯಲ್ಲಿ ಏಣಿ ಇಳಿದೇ ಬರಬೇಕು. ಅದೂ ಗೊತ್ತಿತ್ತು.

ಐದೂನಲವತ್ತಕ್ಕೆ ಅವಳು ಪುಸ್ತಕ ಮುಚ್ಚಿ ಫೋನನ್ನು ಮುಂದಿಟ್ಟುಕೊಂಡಳು. ಐದೂಮುಕ್ಕಾಲಾಯಿತು. ಐವತ್ತಾಯಿತು. ಮೊದಲ ಹತ್ತು ನಿಮಿಷ ಅವಳೇ ಅಪ್ಪನ ಪರವಾಗಿ ನೆಪ ಹುಡುಕಿದಳು. ಪೆಟ್ಟಿಗೆಯ ಬೀಗ ಸಿಕ್ಕಿಲ್ಲ, ಯಾರೋ ಮಾತಿಗೆ ನಿಲ್ಲಿಸಿಕೊಂಡಿದ್ದಾರೆ. ಆರಕ್ಕೆ ನೆಪಗಳು ಮುಗಿದವು. ಆಗ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಸಿಗ್ನಲಿನ ಕಡ್ಡಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಬಚ್ಚಲಲ್ಲೂ ಬರುತ್ತದೆ ಎಂದಿದ್ದನಲ್ಲ ಆ ಪುಣ್ಯಾತ್ಮ. ಬಚ್ಚಲಲ್ಲಿ ಬರುತ್ತಿತ್ತೋ ಏನೋ, ಕೋಣೆಯಲ್ಲಂತೂ ಬರುತ್ತಿರಲಿಲ್ಲ.

ಚಪ್ಪಲಿ ಹಾಕಿಕೊಳ್ಳದೆ ಅವಳು ತಾರಸಿಗೆ ಓಡಿದಳು. ಮೇಲೆ ಹೋಗುತ್ತಲೇ ಫೋನು ಟಿಣ್ ಟಿಣ್ ಎಂದು ಏಳೆಂಟು ಮೆಸೇಜು ನುಂಗಿತು. ಎಲ್ಲ ಕಂಪನಿಯವು. ನೋಡುವ ವ್ಯವಧಾನ ಯಾರಿಗಿದೆ? ಮಿಸ್ಡ್ ಕಾಲ್ ಒಂದೂ ಇಲ್ಲ. ಅಪ್ಪನ ನಂಬರು ಒತ್ತಿದಳು. ಬ್ಯುಸಿ. ಮತ್ತೆ ಒತ್ತಿದಳು. ಬ್ಯುಸಿ. ಈ ಹೊತ್ತಿಗೆ ಅಪ್ಪ ಯಾರ ಹತ್ತಿರ ಇಷ್ಟು ಹೊತ್ತು ಮಾತಾಡುತ್ತಾನೆ? ಅವನು ಭಾನುವಾರ ಮಗಳ ಜೊತೆಗೇ ಐದು ನಿಮಿಷ ಮಾತಾಡುವವನಲ್ಲ. ಪೆಟ್ಟಿಗೆಯಿಂದ ಅವನ ಫೋನನ್ನು ಬೇರೆ ಯಾರೋ ತೆಗೆದಿದ್ದಾರೆ. ಆಸ್ಪತ್ರೆಗೆ ಮಾಡುತ್ತಿದ್ದಾರೆ. ಮೂರನೇ ಸಲ ಒತ್ತಿದಾಗ ಸ್ವಿಚ್ಡ್ ಆಫ್ ಎಂದು ಬಂತು.

ಗುಬ್ಬಿ ತಾರಸಿಯ ಗೋಡೆ ಹಿಡಿದು ಕೂತಳು. ಸೈಟಿನ ಮೇಸ್ತ್ರಿಯ ನಂಬರು ಇತ್ತು, ಆದರೆ ಅದಿದ್ದದ್ದು ಹಳೆಯ ಸಿಮ್ಮಿನಲ್ಲಿ. ಸತ್ತ ಸಿಮ್ ಯಾಕೆಂದು ಮಧ್ಯಾಹ್ನವೇ ಕತ್ತರಿಯಲ್ಲಿ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದ್ದಳು. ಎರಡು ದಿನ ಕೂತು ಪಟ್ಟಿ ಮಾಡಿದವಳಿಗೆ ಇಷ್ಟು ಹೊಳೆಯಲಿಲ್ಲ. ವಿಡಿಯೊ ನೋಡುವ ಆಸೆಗೆ ಅಪ್ಪನ ರಿಂಗ್ ಕಳೆದುಕೊಂಡೆ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಕಣ್ಣು ಮುಚ್ಚಿದರೆ ಏಣಿ, ತೆರೆದರೆ ಒಣಹಾಕಿದ ಬಟ್ಟೆಗಳನ್ನು ಹಗ್ಗದ ಸಮೇತ ಎಳೆದಾಡುವ ಗಾಳಿ.

ಒಗೆದ ಬಟ್ಟೆಯ ಬಕೆಟ್ ಹಿಡಿದು ರೇಡಿಯೋ ಬಂದದ್ದು ಆಗಲೇ.

"ಏನೇ ಇದು, ಮುಖ ಬಿಳಿಚ್ಕೊಂಡಿದೆ?"

"ರಿಂಗ್ ಬರ್ಲಿಲ್ಲ. ಫೋನ್ ಆಫ್ ಆಗಿದೆ. ಗಾಳಿ ನೋಡು ಹೇಗಿದೆ."

ರೇಡಿಯೋ ಬಕೆಟ್ ಇಟ್ಟು ಫೋನ್ ಇಸಿದುಕೊಂಡಳು, ಮೆಸೇಜುಗಳನ್ನು ಒಂದೊಂದೇ ತಳ್ಳಿದಳು. ಒಂದರ ಮೇಲೆ ಬೆರಳು ನಿಂತಿತು. "ಅಯ್ಯೋ," ಎಂದಳು. ಅವಳ ಬಾಯಲ್ಲಿ ಮುಂದಿನ ಮಾತು ಬರಲಿಲ್ಲ. ಅದು ಹಾಸ್ಟೆಲಿನ ಇತಿಹಾಸದಲ್ಲೇ ಮೊದಲು.

"ಏನಾಯ್ತು ಹೇಳೇ."

"ಮೂರು ವಾಯ್ಸ್ ಮೆಸೇಜ್ ಇದೆ. ನಿಮ್ಮಪ್ಪನದೇ. ಗುಬ್ಬಿ, ಬೈಬೇಡ ಕಣೇ. ಮಧ್ಯಾಹ್ನ ಆ ವಾಯ್ಸ್ ಮೇಲು, ಫೋನ್ ಮಾಡಿದವ್ರಿಗೆ ಕೇಳಿಸೋಕೆ ನಿಮ್ಮ ದನೀಲಿ ಏನಾದ್ರೂ ರೆಕಾರ್ಡ್ ಮಾಡಿ ಅಂತ ಕೇಳ್ತು. ನಾನು ತಮಾಷೆಗೆ, ವಾರ್ಡನ್ ದನೀಲಿ..."

"ಏನಂತ ಮಾಡಿದೆ?"

ರೇಡಿಯೋ ತಲೆ ತಗ್ಗಿಸಿ, ಮೆಲ್ಲಗೆ, ವಾರ್ಡನ್ ದನಿಯಲ್ಲೇ ಹೇಳಿದಳು. "ಹಲೋ. ನಾನು ಹಾಸ್ಟೆಲ್ ವಾರ್ಡನ್. ಅವಳು ಈಗ ಇಲ್ಲ. ಏನು ಹೇಳ್ಬೇಕೋ ನನ್ ಹತ್ರ ಹೇಳಿ, ಕೇಳಿಸ್ಕೋತಿದ್ದೀನಿ."

ಗುಬ್ಬಿ ಫೋನ್ ಕಸಿದುಕೊಂಡು ಕಿವಿಗಿಟ್ಟುಕೊಂಡಳು.

"ನಮಸ್ಕಾರ ಮೇಡಂ." ಅಪ್ಪನ ದನಿ. ಗುಬ್ಬಿಗೆ ಹೋದ ಉಸಿರು ಬಂತು. "ನಾನು ಗುಬ್ಬಿ ಅಪ್ಪ. ತೊಂದ್ರೆ ಕೊಟ್ಟೆ, ಕ್ಷಮಿಸಿ. ಅವಳು ಬಂದ್ರೆ, ಅಪ್ಪ ಇಳಿದ್ರಂತೆ ಅಂತ ಹೇಳ್ಬಿಡಿ. ಅಷ್ಟು ಹೇಳಿದ್ರೆ ಊಟ ಮಾಡ್ತಾಳೆ. ಇಡ್ತೀನಿ ಮೇಡಂ."

ಇದ್ದಾನೆ. ಇಳಿದಿದ್ದಾನೆ. ಅವಳು ನಗುತ್ತಲೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಅಷ್ಟರಲ್ಲಿ ಎರಡನೆಯದು ಶುರುವಾಯಿತು. ಹಿಂದಿನಿಂದ ಲಾರಿಯ ಹಾರ್ನು ಕೇಳಿಸಿತು, ತೀರ ಹತ್ತಿರದಿಂದ.

"ಮತ್ತೆ ನಾನೇ ಮೇಡಂ. ಹೇಳ್ಬೇಕು ಅಂದ್ರಲ್ಲ, ಹೇಳ್ತೀನಿ. ಆಗ ಇಳಿದೆ ಅಂದ್ನಲ್ಲ, ಅದು ಸುಳ್ಳು. ನಾನು ಹತ್ತಿದ್ರೆ ತಾನೆ ಇಳಿಯೋದು. ಒಂದೂವರೆ ತಿಂಗಳಾಯ್ತು ಮೇಲೆ ಹೋಗಿ. ಡಾಕ್ಟ್ರು ಕಣ್ಣು ನೋಡಿ, ಇನ್ನು ಬೇಡ ಅಂದ್ರು. ಈಗ ಗೇಟಲ್ಲಿ ಕೂರಿಸಿದ್ದಾರೆ, ಬರೋ ಹೋಗೋ ಗಾಡಿ ನಂಬರ್ ಬರೀತೀನಿ. ಐದೂವರೆಗೆ ಬಿಡ್ತಾರೆ. ರಿಂಗ್ ಕೊಡೋವಾಗ ಏನೂ ಅನ್ನಿಸ್ತಿರ್ಲಿಲ್ಲ ಮೇಡಂ. ಇವತ್ತು ಬಾಯಿ ಬಿಟ್ಟು ಹೇಳಿದ್ನಲ್ಲ, ಅದಕ್ಕೇ ಮತ್ತೆ ಫೋನ್ ಮಾಡಿದೆ. ನಿಮ್ಮಂಥ ದೊಡ್ಡೋರ ಕೈಲಿ ಸುಳ್ಳು ಹೇಳಿ ಕಳಿಸೋದು ಸರಿಯಲ್ಲ. ಆದ್ರೆ ಮಗುಗೆ ಮಾತ್ರ ಹೇಳ್ಬೇಡಿ. ಸಂಬಳ ಕಮ್ಮಿ ಆಯ್ತು ಅಂತ ಗೊತ್ತಾದ್ರೆ ಓದೋದು ಬಿಟ್ಟು ಏನಾದ್ರೂ ಕೆಲ್ಸ ಹುಡುಕ್ತಾಳೆ. ಅವಳಮ್ಮನ ಹಾಗೇ ಅವಳು. ಪರೀಕ್ಷೆ ಆದ್ಮೇಲೆ ನಾನೇ ಹೇಳ್ತೀನಿ."

ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ, "ಹಲೋ? ಮೇಡಂ, ಇದ್ದೀರಾ?" ಮೆಸೇಜು ಮುಗಿಯಿತು.

ಮೂರನೆಯದು ಒಂದೇ ಉಸಿರಿನದು. "ಮೇಡಂ, ಚಾರ್ಜ್ ಹೋಗ್ತಿದೆ. ನಾ ಹೇಳಿದ್ದು ನಿಮ್ಮಲ್ಲೇ ಇರ್ಲಿ. ನಿಮ್ಮನ್ನ ನಂಬಿ..." ಅಲ್ಲಿಗೆ ಕಟ್ಟಾಗಿತ್ತು.

ಗುಬ್ಬಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಐದೂಮುಕ್ಕಾಲೆಂದರೆ ಐದೂಮುಕ್ಕಾಲು ಎಂದು ತಾನು ಬೀಗಿದ್ದು ನೆನಪಾಗಿ ಮೈ ಹಿಡಿಯಾಯಿತು. ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದದ್ದಲ್ಲ ಅಪ್ಪ, ಗೇಟಿನ ಡ್ಯೂಟಿ ಮುಗಿಸಿ ಬರುತ್ತಿದ್ದದ್ದು. ಮೇಲಿನಿಂದ ಮಗಳನ್ನು ಗುಬ್ಬಿಯಷ್ಟು ಕಂಡ ಕಣ್ಣು ಈಗ ಲಾರಿಯ ನಂಬರು ಓದಲು ಕಿರಿದಾಗುತ್ತಿರಬಹುದು. ಆ ಕಣ್ಣಿಟ್ಟುಕೊಂಡು, ಆ ಸಂಬಳದಲ್ಲಿ, ಬೇಕಾದ್ದು ತಗೋ ಎಂದಿದ್ದ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ದುಃಖ ಒತ್ತರಿಸಿ ಬಂತು.

ರೇಡಿಯೋ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮೂಗು ಸೀಟುತ್ತಿದ್ದಳು. ಸ್ಪೀಕರ್ ಹಾಕದಿದ್ದರೂ ಅವಳಿಗೆ ಎಲ್ಲ ಕೇಳಿಸಿತ್ತು.

"ನಾನು ಫೋನ್ ಮಾಡಿ ನಿಮ್ಮಪ್ಪನ ಹತ್ರ ತಪ್ಪೊಪ್ಪಿಕೊಳ್ತೀನಿ ಕಣೇ."

"ಬೇಡ. ಅವನು ವಾರ್ಡನ್‌ಗೆ ಹೇಳಿದ್ದು. ವಾರ್ಡನ್‌ಗೇ ಇರ್ಲಿ."

"ಹಾಗಾದ್ರೆ ಏನು ಮಾಡೋದು?"

ಗುಬ್ಬಿ ಫೋನೆತ್ತಿಕೊಂಡು ಒಂದು ಮೆಸೇಜ್ ಬರೆದಳು. ಮನೆಗೆ ಹೋಗಿ ಚಾರ್ಜಿಗೆ ಹಾಕಿದ ಮೇಲೆ ಓದಿಕೊಳ್ಳಲಿ ಎಂದು ದೊಡ್ಡ ವಾಕ್ಯ ಬರೆಯಹೋಗಿ, ಅಳಿಸಿ, ಚಿಕ್ಕದು ಮಾಡಿದಳು. 'ವಾರ್ಡನ್ ಹೇಳಿದ್ರು. ನೀನು ಇಳಿದ್ಯಂತೆ. ನಾನು ಊಟಕ್ಕೆ ಹೋಗ್ತಿದ್ದೀನಿ, ನೀನೂ ಮಾಡು.' ಅಪ್ಪನಿಗೆ ಅವಳು ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ಕಳಿಸುವ ಮುನ್ನ ಮೂರು ಸಲ ಓದಿಕೊಂಡದ್ದು ಇದೇ ಮೊದಲು.

ಮರುದಿನ ತರಗತಿ ಬಿಟ್ಟ ಕೂಡಲೇ ಇಬ್ಬರೂ ಅಂಗಡಿಗೆ ಹೋದರು. ಗುಬ್ಬಿಯ ಕೈಯಲ್ಲಿ ಈ ಸಲ ಪಟ್ಟಿ ಇರಲಿಲ್ಲ.

"ಚಿಕ್ಕ ಪ್ಲ್ಯಾನಿಗೆ ಬದಲಾಯಿಸ್ಕೊಡಿ."

"ಒಂದೇ ದಿನಕ್ಕಾ? ಡೇಟಾ ಸಾಕಾಗಲ್ಲ ಅಂತ ನೀವೇ ಅಂದ್ರಲ್ಲಮ್ಮ."

"ಲೈಬ್ರರಿಲಿ ನೋಡ್ಕೋತೀನಿ. ಆ ವಾಯ್ಸ್ ಮೇಲೂ ತೆಗೆದುಬಿಡಿ."

"ಅದು ಪುಕ್ಕಟೆ. ಚಿಕ್ಕ ಪ್ಲ್ಯಾನಲ್ಲೂ ನಾನು ಹಾಕ್ಕೊಡ್ತೀನಿ, ಇರ್ಲಿ ಬಿಡಿ."

"ಬೇಡ," ಎಂದಳು ಗುಬ್ಬಿ. "ಅದರ ಬಾಯಲ್ಲಿ ಮಾತು ನಿಲ್ಲಲ್ಲ."

ಅಂಗಡಿಯವನು ರೇಡಿಯೋ ಮುಖ ನೋಡಿದ. ರೇಡಿಯೋ ಗೋಡೆಯ ಮೇಲಿನ ಕವರುಗಳನ್ನು ನೋಡತೊಡಗಿದಳು. ಅವನು ಇನ್ನೇನೂ ಕೇಳದೆ ಗುಬ್ಬಿಯ ಫೋನ್ ಇಸಿದುಕೊಂಡು ಬಟನ್ ಒತ್ತಿದ. "ತೆಗೆದ್ರೆ ಅದ್ರಲ್ಲಿರೋ ಮೆಸೇಜೂ ಹೋಗುತ್ತೆ. ಪರ್ವಾಗಿಲ್ವಾ?"

ಅಪ್ಪ ತನ್ನ ಬಗ್ಗೆ ಅಷ್ಟು ಉದ್ದ ಮಾತಾಡಿದ್ದನ್ನು ಗುಬ್ಬಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಹೋಗ್ಲಿ," ಎಂದಳು.

ಸಂಜೆ ಐದೂವರೆಗೇ ಅವಳು ಫೋನ್ ಹಿಡಿದು ತಾರಸಿ ಹತ್ತಿ ನಿಂತಳು. ಗಾಳಿ ನಿಂತಿತ್ತು, ಸಿಗ್ನಲ್ ತುಂಬ ಇತ್ತು. ಈ ಹೊತ್ತಿಗೆ ಅಪ್ಪ ಪುಸ್ತಕ ಮುಚ್ಚಿ, ಪೆನ್ನು ಜೇಬಿಗೆ ಸಿಕ್ಕಿಸಿ, ಕುರ್ಚಿಯಿಂದ ಏಳುತ್ತಿರಬೇಕು. ಏಣಿಯಿಲ್ಲ, ಎತ್ತರವಿಲ್ಲ, ಬೀಳುವ ಮಾತೇ ಇಲ್ಲ. ಹೆದರುವುದಕ್ಕೆ ಇನ್ನು ಯಾವ ಕಾರಣವೂ ಉಳಿದಿರಲಿಲ್ಲ. ಆದರೂ ಅವಳು ಉಸಿರು ಬಿಗಿಹಿಡಿದೇ ನಿಂತಿದ್ದಳು.

ಐದೂಮುಕ್ಕಾಲಿಗೆ ಫೋನು ಒಂದು ಸಲ ರಿಂಗಾಗಿ ನಿಂತಿತು.

ಗುಬ್ಬಿ ಎತ್ತಲಿಲ್ಲ. ಮೆಟ್ಟಿಲು ಇಳಿದು, ಹಾಸ್ಟೆಲಿನ ಮುಂದಿನ ಅಂಗಳಕ್ಕೆ ಬಂದು ನೆಲದ ಮೇಲೆ ಕಾಲೂರಿ ನಿಂತ ಮೇಲೆ, ಅಪ್ಪನಿಗೆ ತಾನೂ ಒಂದು ರಿಂಗ್ ಕೊಟ್ಟು ಕಟ್ ಮಾಡಿದಳು.